ಸಮಸ್ಯೆ: ಕಳ್ಳಂಗೇ ತೆರೆದುದಲ್ತೆ ಸಗ್ಗದ ಬಾಗಿಲ್

ಕಂದಾನುರಾಗಿ:
ಈ ವಾರದ ಸಮಸ್ಯೆ ನನ್ನ ಪಾಳಿ. ಕಂದಪದ್ಯದ ಕಡೆಯ ಸಾಲು ಇದು, ಮೊದಲ ಮೂರು ಸಾಲು ಕಟ್ಟಿ ಪೂರಣ ಮಾಡುವುದು ನಿಮ್ಮ ಕೆಲಸ:

ಕಳ್ಳಂಗೇ ತೆರೆದುದಲ್ತೆ ಸಗ್ಗದ ಬಾಗಿಲ್

ಬೆಣ್ಣೆಕಳ್ಳನ ಕಡೆಗೆ ಹೊರಳಿಸಿ ಕೈ ತೊಳೆದುಕೊಳ್ಳಬೇಡಿ. ಅದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನನ್ನ ಮನಸ್ಸಿನಲ್ಲಿರುವುದು ಲೂಕನ ಸುವಾರ್ತೆಯ 23ನೇ ಅಧ್ಯಾಯ. ಯೇಸುವಿನ ಜೊತೆ ಶಿಲುಬೆಗೇರಿದ ಇಬ್ಬರಲ್ಲಿ ಒಬ್ಬ. ಅವನಿಗೆ ಸಿಕ್ಕ ಕೃಪೆಯೇ ವಸ್ತು.

ಅರಗಿಳಿ:
ಪ್ರಾಸ ಹೇರಳವಾಗಿದೆ, ಧಾರಾಳಿ ನೀವು. ಮೊದಲ ಕೈ ನನ್ನದು.

ಮುಳ್ಳಂ ಮುಡಿದಾ ದೊರೆಯಂ
ತಳ್ಳುತೆ ಜನಮೆಲ್ಲ ನಗುತಿರಲ್ ಬಲದೆಸೆಯೊಳ್
ಸುಳ್ಳಿಲ್ಲದೆ ನೆನೆಯೆಂದಾ
ಕಳ್ಳಂಗೇ ತೆರೆದುದಲ್ತೆ ಸಗ್ಗದ ಬಾಗಿಲ್

ಒರೆಗಲ್ಲು:
ನಡೆ ಚೆನ್ನಾಗಿದೆ. ಆದರೆ ‘ಬಲದೆಸೆ’ ಎಲ್ಲಿಂದ ಬಂತು? ಒಬ್ಬ ಬಲಕ್ಕೆ, ಒಬ್ಬ ಎಡಕ್ಕೆ ಎಂದು ಲೂಕ ಹೇಳುತ್ತಾನೆ. ಬೇಡಿಕೊಂಡವನು ಯಾವ ಕಡೆಯವನು ಎಂದು ಹೇಳುವುದಿಲ್ಲ. ಆರು ಮಾತ್ರೆ ಕಡಿಮೆ ಬಿತ್ತೆಂದು ದಿಕ್ಕು ತುಂಬಿಸಿದಿರಿ.

ಅರಗಿಳಿ:
ಚಿತ್ರಗಳಲ್ಲೆಲ್ಲ ಬಲಕ್ಕೇ ಇರುತ್ತಾನೆ. ದಿಸ್ಮಾಸ್ ಎಂದು ಹೆಸರೂ ಇದೆ.

ಸಂಜೆಮಲ್ಲಿಗೆ:
ಆ ಹೆಸರು ಸುವಾರ್ತೆಯದಲ್ಲ ಅರಗಿಳಿ, ಆಮೇಲೆ ಹುಟ್ಟಿದ ಕಥೆಗಳದು. ಬಲಗಡೆಯೂ ಪರಂಪರೆಯ ಮಾತು. ನನಗೆ ಅದು ಇಷ್ಟವೇ, ಆದರೆ ಒರೆಗಲ್ಲಿನವರು ತಪ್ಪು ಹೇಳಿಲ್ಲ. ಮತ್ತಾಯ, ಮಾರ್ಕರನ್ನು ಓದಿದರೆ ಇಬ್ಬರೂ ಯೇಸುವನ್ನು ಹಂಗಿಸಿದರು ಎಂದಿದೆ. ಒಬ್ಬನ ಮನಸ್ಸು ತಿರುಗಿದ್ದನ್ನು ಹೇಳುವವನು ಲೂಕ ಒಬ್ಬನೇ. ಹಂಗಿಸುತ್ತಿದ್ದ ಬಾಯಿಯೇ ಬೇಡಿತು ಎಂದು ಓದಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಅರಗಿಳಿ:
ಸರಿ, ‘ನಗುತಿರಲ್ ನೋವಿನೊಳಂ’ ಎಂದು ಮಾಡಿಕೊಂಡೆ. ಈಗಲಾದರೂ ನಿಮ್ಮ ಕಲ್ಲಿಗೆ ಚಿನ್ನ ಅನ್ನಿಸಿತೇ?

ಒರೆಗಲ್ಲು:
ಮೊದಲಿಗಿಂತ ಮೇಲು. ನೋವು ಇಬ್ಬರದೂ ಆಯಿತು.

ಸಂಜೆಮಲ್ಲಿಗೆ:
ನನ್ನದು:

ಬೆಳ್ಳಿಗೆ ಮಾರ್ದಂ ಗೆಳೆಯಂ
ಸುಳ್ಳಾಡಿದನೊರ್ವನರಿಯೆನೆಂದಿರುಳೊಳ್ ತಾಂ
ಕೊಳ್ಳದೆ ಸುಂಕಮನೊಂದಂ
ಕಳ್ಳಂಗೇ ತೆರೆದುದಲ್ತೆ ಸಗ್ಗದ ಬಾಗಿಲ್

ಕಂದಾನುರಾಗಿ:
ಮೂವತ್ತು ಬೆಳ್ಳಿಯ ಯೂದ, ಕೋಳಿ ಕೂಗುವ ಮೊದಲು ಮೂರು ಸಲ ಅಲ್ಲಗಳೆದ ಪೇತ್ರ, ಇಬ್ಬರೂ ಎರಡೇ ಸಾಲಿನಲ್ಲಿ. ಭೇಷ್.

ಓಲೆಗರಿ:
ಚೆನ್ನಾಗಿದೆ ಅಕ್ಕ. ‘ಸುಂಕಮನೊಂದಂ’ ಎಂಬಲ್ಲಿ ‘ನೊಂದಂ’, ಅಂದರೆ ನೊಂದನು, ಬೇರೆಯಾಗಿಯೂ ಕಿವಿಗೆ ಬೀಳುತ್ತದೆ.

ಎಳೆನೇಸರು:
ಇಲ್ಲಿ ಮೊದಲ ಬಾರಿ ಬರೆಯುತ್ತಿದ್ದೇನೆ. ಹಿರಿಯರು ತಿದ್ದಬೇಕು.

ಎಲ್ಲರ ಪಾಪಮ ಪೊತ್ತುಂ
ತಳ್ಳದೆ ಪೊರೆವೊಂದೆ ಕರುಣೆಯಂ ನೆರೆ ತೋರ್ದಂ
ಬಳ್ಳಿಗೆ ಕೊನೆಯೊಳ್ ಪತ್ತಿದ
ಕಳ್ಳಂಗೇ ತೆರೆದುದಲ್ತೆ ಸಗ್ಗದ ಬಾಗಿಲ್

ಒರೆಗಲ್ಲು:
ಎಲ್ಲ-ತಳ್ಳ? ಪ್ರಾಸದಲ್ಲಿ ‘ಲ್ಲ’ ಬೇರೆ, ‘ಳ್ಳ’ ಬೇರೆ.

ಅರಗಿಳಿ:
ಲಳಯೋರಭೇದಃ, ಲ-ಳಗಳಿಗೆ ಭೇದವಿಲ್ಲ ಎನ್ನುವ ಮಾತಿದೆ. ಹೊಸಬರನ್ನು ಬಾಗಿಲಲ್ಲೇ ತಡೆಯಬೇಡಿ. ಸಮಸ್ಯೆ ಏನೆಂದು ಇನ್ನೊಮ್ಮೆ ಓದಿ.

ಒರೆಗಲ್ಲು:
ಬಾಗಿಲು ತೆರೆಯುವುದು ಬೇರೆ, ಪ್ರಾಸ ಬಿಡುವುದು ಬೇರೆ. ಮೂರನೆಯ ಸಾಲು ಇಷ್ಟು ಚೆನ್ನಾಗಿ ಬಂದಿರುವಾಗ ಮೊದಲ ಸಾಲಿಗೆ ರಿಯಾಯಿತಿ ಕೊಟ್ಟರೆ ಅವರಿಗೇ ಅನ್ಯಾಯ. ಯೋಹಾನ 15ರ ದ್ರಾಕ್ಷಿಬಳ್ಳಿಯನ್ನು ತಂದಿದ್ದಾರೆ, ‘ಕೊನೆ’ ಎರಡು ಕಡೆಗೂ ಅರ್ಥ ಕೊಡುತ್ತದೆ. ತಮ್ಮ, ಮೊದಲ ಸಾಲನ್ನು ಇನ್ನೊಮ್ಮೆ ನೋಡು.

ಎಳೆನೇಸರು:
ತಮ್ಮನಲ್ಲ ಸರ್, ತಂಗಿ. ‘ಒಳ್ಳಿದರಿಲ್ಲೊರ್ವರುಮೆನೆ’ ಎಂದರೆ ಆದೀತೇ? ನೀತಿವಂತನು ಒಬ್ಬನೂ ಇಲ್ಲ ಎಂದು ಪೌಲ ರೋಮಾಪುರದವರಿಗೆ ಬರೆದದ್ದು ನೆನಪಾಯಿತು.

ಒರೆಗಲ್ಲು:
ಆಯಿತು ತಂಗಿ. ಇನ್ನು ಇದನ್ನು ಮುಟ್ಟಬೇಡ.

ಓಲೆಗರಿ:
ಮೂರು ದಿನ ತಿದ್ದಿ ಹಾಕುತ್ತಿದ್ದೇನೆ.

ಎಳ್ಳನಿತು ಕೃಪೆಯೆ ಸಾಲ್ಗುಂ
ಬಳ್ಳಂ ಬಳ್ಳಮೆನೆ ಪುಣ್ಯಮಂ ಸುರಿದೊಡಮೇಂ
ಕೊಳ್ಳೆಂದೀವನ ಮುಂದಾ
ಕಳ್ಳಂಗೇ ತೆರೆದುದಲ್ತೆ ಸಗ್ಗದ ಬಾಗಿಲ್

ಅರಗಿಳಿ:
ಎಳ್ಳು, ಬಳ್ಳ! ಈ ವಾರದ ಗೆಲುವು ಇದೇ.

ಒರೆಗಲ್ಲು:
ನಿಧಾನ. ಮೊದಲ ಸಾಲಿಗೆ ಹನ್ನೆರಡು ಮಾತ್ರೆ ಇರಬೇಕು, ನಿಮ್ಮದು ಹದಿಮೂರು.

ಓಲೆಗರಿ:
ಹನ್ನೆರಡು.

ಒರೆಗಲ್ಲು:
ಬಾಯಿಬಿಟ್ಟು ಓದಿ. ಎಳ್ಳನಿತು ಕೃಪೆ. ಒತ್ತಕ್ಷರದ ಹಿಂದೆ ನಿಂತು ‘ತು’ ಎತ್ತಿ ಬರುತ್ತದೆ, ಎರಡು ಮಾತ್ರೆಯ ಗುರುವಾಗುತ್ತದೆ. ನಾವು ನೀವು ಎಲ್ಲರೂ ‘ಕ್ರುಪೆ’ ಎಂದೇ ಅನ್ನುವುದು.

ಓಲೆಗರಿ:
ಅದು ನಾಲಗೆಯ ತಪ್ಪು. ಋ ಸ್ವರ ಸ್ವಾಮಿ. ಕೃ ಗುಣಿತಾಕ್ಷರ, ಒತ್ತಕ್ಷರ ಅಲ್ಲ. ಇದನ್ನು ನಿಮಗೆ ಹೇಳಿಕೊಡಬೇಕಾಯಿತಲ್ಲ.

ಒರೆಗಲ್ಲು:
ಕಾಗುಣಿತ ನನಗೂ ಗೊತ್ತು. ಛಂದಸ್ಸು ಕಣ್ಣಿನದಲ್ಲ, ಕಿವಿಯದು. ಹೋದ ವರ್ಷ ಹಳಗನ್ನಡದ ಱಕಾರದ ಪ್ರಾಸದಲ್ಲಿ ‘ಈಗ ಯಾರೂ ಹಾಗೆ ಉಚ್ಚರಿಸುವುದಿಲ್ಲ’ ಎಂದು ವಾದಿಸಿದವರು ನೀವೇ. ಆಗ ಕಿವಿ ಬೇಕಿತ್ತು, ಈಗ ಬೇಡವಾಯಿತೇ?

ಓಲೆಗರಿ:
ಱಕಾರವನ್ನು ಇನ್ನೂ ಹೊತ್ತು ತಿರುಗುತ್ತಿದ್ದೀರಾ! ಆಗ ನಾನು ಸೋತೆ, ಒಪ್ಪಿಕೊಂಡೆ, ಪದ್ಯ ತೆಗೆದೆ. ಇಲ್ಲಿ ತೆಗೆಯುವುದಿಲ್ಲ. ‘ಅಮೃತ’ ಎಂಬಲ್ಲಿ ‘ಅ’ ಗುರುವಾಗಿದ್ದನ್ನು ಒಂದು ಹಳೆಯ ಪದ್ಯದಲ್ಲಾದರೂ ತೋರಿಸಿ. ‘ಸುಕೃತ’ದಲ್ಲಿ ‘ಸು’ ಎತ್ತಿ ಬಂದದ್ದುಂಟೇ?

ಒರೆಗಲ್ಲು:
ಅವೆರಡೂ ಒಂದೇ ಪದದ ಒಳಗಿನವು. ನಿಮ್ಮದು ಎರಡು ಪದಗಳ ನಡುವೆ.

ಓಲೆಗರಿ:
ಪದದ ಒಳಗೇ ಲಘುವಾಗಿ ನಿಲ್ಲುವುದು ಹೊರಗೆ ಬಂದರೆ ಗುರುವಾಗುತ್ತದೆಯೇ? ಇದು ಯಾವ ಊರಿನ ನ್ಯಾಯ?

ಅರಗಿಳಿ:
ನಡುವೆ ಒಂದು ಮಾತು. ನೀವಿಬ್ಬರೂ ಮಾತೆತ್ತಿದರೆ ನಾಗವರ್ಮನ ಕಡೆಗೆ ಓಡುತ್ತೀರಿ. ಅವನ ಛಂದಸ್ಸಿನ ಗ್ರಂಥ ಛಂದೋಂಬುಧಿಯನ್ನು 1875ರಲ್ಲಿ ಅಚ್ಚಿಗೆ ತಂದವರು ಕಿಟೆಲ್. ಅದಕ್ಕೂ ಮೊದಲು, 1862ರಲ್ಲಿ, ಕ್ರಿಸ್ತನ ಕಥೆಯನ್ನು ಅವರೇ ಕನ್ನಡ ಪದ್ಯದಲ್ಲಿ ಕಟ್ಟಿದ್ದರು. ಈ ಕೃಪೆಯನ್ನು ಸಾರಲು ಬಂದವರು ನಮ್ಮ ಮಾತ್ರೆ ಎಣಿಸುತ್ತ ಕುಳಿತರು. 1894ರಲ್ಲಿ ನಿಘಂಟನ್ನೂ ಕೈಗಿಟ್ಟರು. ಆ ಮನುಷ್ಯನಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಕಂದಾನುರಾಗಿ:
ಒಳ್ಳೆಯ ನೆನಪು. ಆದರೆ ಓಲೆಗರಿ, ನನ್ನ ತಕರಾರು ‘ತು’ ಮೇಲಲ್ಲ, ‘ಎಳ್ಳನಿತು’ ಮೇಲೆ. ಸಾಸಿವೆಯಷ್ಟು ಎಂದು ಯೇಸು ಹೇಳಿದ್ದು ನಂಬಿಕೆಯ ಮಾತಿನಲ್ಲಿ. ಕೃಪೆಗೆ ಅಳತೆ ಹಚ್ಚಿದ್ದು ಎಲ್ಲಿ? ಪಾಪ ಹೆಚ್ಚಿದಲ್ಲಿ ಕೃಪೆ ಅದಕ್ಕಿಂತಲೂ ಹೆಚ್ಚಿತು ಎನ್ನುತ್ತಾನೆ ಪೌಲ. ನೀವು ಎಳ್ಳಿಗೆ ಇಳಿಸಿದಿರಿ.

ಓಲೆಗರಿ:
ಇಳಿಸಿಲ್ಲ. ತಕ್ಕಡಿಯ ಒಂದು ಕಡೆ ಬಳ್ಳಗಟ್ಟಲೆ ಪುಣ್ಯ, ಇನ್ನೊಂದು ಕಡೆ ಒಂದೇ ಎಳ್ಳು. ಎಳ್ಳಿನ ಕಡೆಯೇ ಕೆಳಗೆ ಬರುತ್ತದೆ. ಅಲ್ಲಿ ಕಡಿಮೆಯಾದದ್ದು ಪುಣ್ಯದ ತೂಕ, ಕೃಪೆಯದಲ್ಲ. ಆ ಕಳ್ಳನನ್ನು ನೋಡಿ. ದೀಕ್ಷಾಸ್ನಾನವಿಲ್ಲ, ದಾನವಿಲ್ಲ, ಕದ್ದದ್ದನ್ನು ಹಿಂದಿರುಗಿಸಲು ಹೊತ್ತೂ ಇಲ್ಲ. ಇಳಿದು ಬಂದು ಇನ್ನೊಂದು ದಿನ ಒಳ್ಳೆಯವನಾಗಿ ಬದುಕಿ ತೋರಿಸುವ ಹಾಗೂ ಇಲ್ಲ. ‘ನನ್ನನ್ನು ನೆನಸಿಕೋ’ ಎಂದಷ್ಟೇ ಕೇಳಿದ. ಕೇಳಿದ್ದು ನೆನಪು, ಸಿಕ್ಕಿದ್ದು ‘ಈ ಹೊತ್ತೇ ನನ್ನ ಸಂಗಡ’ ಎನ್ನುವ ಮಾತು. ನಾನು ಈ ಪದ್ಯಕ್ಕೆ ಮೂರು ದಿನ ಕೂತದ್ದು ಆ ‘ಸಂಗಡ’ಕ್ಕಾಗಿ. ಅದನ್ನು ತರಲಾಗಲಿಲ್ಲ, ಆ ಕೊರಗು ಉಳಿದೇ ಇದೆ.

ಸಂಜೆಮಲ್ಲಿಗೆ:
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಒಂದು ಮಾತು ಸೇರಿಸಲೇ? ನಾವು ಕಥೋಲಿಕರು ‘ವರಪ್ರಸಾದ’ ಎನ್ನುತ್ತೇವೆ, ನೀವು ‘ಕೃಪೆ’ ಎನ್ನುತ್ತೀರಿ. ಗ್ರೀಕಿನಲ್ಲಿ ಎರಡಕ್ಕೂ ಮೂಲ ‘ಖಾರಿಸ್’ ಒಂದೇ. ಈ ಒಂದು ಮಾತಿನ ಅರ್ಥಕ್ಕಾಗಿ ಸಭೆಗಳು ಶತಮಾನಗಟ್ಟಲೆ ಬೇರೆಯಾಗಿ ನಿಂತವು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ದೇವರು ನಮ್ಮನ್ನು ಸ್ವೀಕರಿಸುವುದು ಬರೀ ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ ಎಂದು ಕೂಡಿ ಹೇಳಿದರು. ನೀವಿಬ್ಬರು ಒಂದು ‘ತು’ವಿಗೆ ಒಪ್ಪಂದ ಮಾಡಿಕೊಳ್ಳಲಾರಿರಾ?

ಒರೆಗಲ್ಲು:
ಅವರು ಕಂದ ಬರೆಯುತ್ತಿರಲಿಲ್ಲ.

ಅರಗಿಳಿ:
‘ಸಗ್ಗ’ದ ಬಗ್ಗೆ ಯಾರೂ ಕೇಳಲಿಲ್ಲವಲ್ಲ. ಯೇಸು ಹೇಳಿದ್ದು ಪರದೈಸು. ಕಂದಾನುರಾಗಿಗಳು ಬಾಗಿಲನ್ನು ಎಲ್ಲಿಂದ ತಂದು ಹಾಕಿದರು?

ಕಂದಾನುರಾಗಿ:
ಕೇಳಿದಿರಲ್ಲ, ಸಂತೋಷ. ಪರದೈಸು ಹಳೆಯ ಪಾರಸಿ ಮೂಲದ್ದು, ಸುತ್ತ ಗೋಡೆ ಕಟ್ಟಿದ ತೋಟ ಎಂದು ಅರ್ಥ. ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದವರು ಏದೆನ್ ತೋಟಕ್ಕೂ ಇದೇ ಪದ ಇಟ್ಟರು. ಆದಿಕಾಂಡ 3ರಲ್ಲಿ ಮನುಷ್ಯನನ್ನು ಹೊರಗೆ ಕಳಿಸಿ, ಕೆರೂಬಿಗಳನ್ನೂ ಉರಿಯುವ ಕತ್ತಿಯನ್ನೂ ಕಾವಲಿಟ್ಟದ್ದು ಆ ತೋಟಕ್ಕೇ. ಅಲ್ಲಿ ಮುಚ್ಚಿದ್ದು ಇಲ್ಲಿ ತೆರೆಯಿತು, ಅದೂ ಒಬ್ಬ ಕಳ್ಳನಿಗೆ ಎಂದು ನಾನು ಓದಿಕೊಂಡೆ. ಕಾವಲಿರುವ ಬಾಗಿಲಿಗೆ ಕಳ್ಳನನ್ನೇ ಕರೆದುಕೊಂಡು ಬಂದವನು ಒಡೆಯನ ಮಗ. ಸಮಸ್ಯೆ ಹುಟ್ಟಿದ್ದು ಅಲ್ಲಿ.

ಅರಗಿಳಿ:
ಹಾಗಾದರೆ ನನ್ನ ಎರಡನೆಯದು. ಇದು ಬೇರೆ ದನಿ.

ಮುಳ್ಳೊಳ್ ನಡೆದೆಂ ಪಿರಿದುಂ
ಬೆಳ್ಳನೆ ತಲೆಯಾಯ್ತು ಬೇಡಿ ನೋಂತುಂ ತಪದಿಂ
ಸುಳ್ಳೇ ಬಾಳ್ದೆನೆ ನೋಡಾ
ಕಳ್ಳಂಗೇ ತೆರೆದುದಲ್ತೆ ಸಗ್ಗದ ಬಾಗಿಲ್

ಓಲೆಗರಿ:
ದೂರು ಹೇಳಿದಂತಾಯಿತು. ವಸ್ತು ಕೃಪೆ ಎಂದಿದ್ದರು.

ಅರಗಿಳಿ:
ದೂರೇ. ಮತ್ತಾಯ 20ರಲ್ಲಿ ಬೆಳಗಿನಿಂದ ಬಿಸಿಲಲ್ಲಿ ದುಡಿದವರು ಗೊಣಗುತ್ತಾರಲ್ಲ, ಅವರ ದನಿ. ಸಂಜೆ ಒಂದು ಗಂಟೆಯ ಕೆಲಸಕ್ಕೆ ಬಂದವನಿಗೂ ಅದೇ ಒಂದು ಬೆಳ್ಳಿ ನಾಣ್ಯ. ತಪ್ಪಿಹೋದ ಮಗ ಬಂದಾಗ ಅಣ್ಣ ಹೊರಗೆ ನಿಂತದ್ದೂ ಇದೇ ಸಿಟ್ಟಿಗೆ. ಈ ಸಿಟ್ಟು ಬರದವನಿಗೆ ಕೃಪೆ ಎಂದರೇನು ತಿಳಿದಿದೆ ಎಂದು ನನಗೆ ಅನ್ನಿಸುವುದಿಲ್ಲ. ನನಗೆ ಬರುತ್ತದೆ. ಬಹಳ ವರ್ಷ ರೋಗಿಯೊಬ್ಬರ ಸೇವೆ ಮಾಡಿದವಳು ನಾನು. ಕೊನೆಯ ವಾರ ಬಂದು ಅತ್ತವರಿಗೇ ಅವರ ಕೊನೆಯ ಮಾತು ಸಿಕ್ಕಿತು. ಅಂದು ಅಣ್ಣನ ಜಾಗದಲ್ಲೇ ನಿಂತಿದ್ದೆ.

ಓಲೆಗರಿ:
ಮಾತು ಹಿಂತೆಗೆದುಕೊಂಡೆ ಅಕ್ಕ. ಆ ಕಥೆಯಲ್ಲಿ ತಂದೆ ಅಣ್ಣನನ್ನು ಕರೆಯಲೂ ಹೊರಗೆ ಬರುತ್ತಾನೆ.

ಅರಗಿಳಿ:
ಗೊತ್ತು. ಅದಕ್ಕೇ ಪದ್ಯ ಅಲ್ಲಿಗೆ ನಿಲ್ಲಿಸಿದೆ. ಅಣ್ಣ ಒಳಗೆ ಹೋದನೋ ಇಲ್ಲವೋ ಲೂಕನೂ ಹೇಳಿಲ್ಲ.

ಒರೆಗಲ್ಲು:
ಎರಡನೆಯ ಸಾಲು ಇಡೀ ಎಳೆಯಲ್ಲೇ ಮೇಲು. ಅದಿರಲಿ, ‘ತು’ ಇನ್ನೂ ಬಗೆಹರಿದಿಲ್ಲ.

ನಿಧಾನಿ:
ತಿಂಗಳುಗಳ ಮೇಲೆ ಬರೆಯುತ್ತಿದ್ದೇನೆ. ಜಗಳವನ್ನು ಮೊದಲಿಂದ ಓದಿದೆ. ಓಲೆಗರಿಯವರು ಅಲ್ಲಿ ‘ಎಳ್ಳನಿತು ಕ್ರೂಶ’ ಎಂದಿದ್ದರೆ ‘ತು’ ಭಾರವಾಗುತ್ತಿತ್ತು, ಒರೆಗಲ್ಲಿನವರು ಗೆಲ್ಲುತ್ತಿದ್ದರು. ‘ಕೃಪೆ’ಯ ಮುಂದೆ ‘ತು’ ಹಗುರವಾಗಿಯೇ ನಿಂತಿತು. ತನಗಿಂತ ಹಿಂದೆ ಇರುವುದರ ಮೇಲೆ ಕೃಪೆ ಭಾರ ಹೇರುವುದಿಲ್ಲ. ಓದುತ್ತಿದ್ದಂತೆ ಆ ಕಳ್ಳನ ಹಿಂದಿನ ದಿನಗಳು ಕಣ್ಣಿಗೆ ಬಂದವು, ಎಷ್ಟು ಮನೆಗಳೋ, ಎಷ್ಟು ರಾತ್ರಿಗಳೋ. ನನ್ನವೂ ಬಂದವು. ಪದ್ಯ ಬರೆಯಲಾಗಲಿಲ್ಲ, ಕ್ಷಮಿಸಿ.

ಸಂಜೆಮಲ್ಲಿಗೆ:
ಬರೆಯದಿದ್ದರೂ ಬಂತು ನಿಧಾನಿಯವರೇ.

ಎಳೆನೇಸರು:
ಇದನ್ನು ಬರೆದಿಟ್ಟುಕೊಂಡೆ.

ಓಲೆಗರಿ:
ನಾನು ವ್ಯಾಕರಣ ಹಿಡಿದು ಹೊಡೆದಾಡುತ್ತಿದ್ದೆ. ಇದು ನನಗೇ ಹೊಳೆದಿರಲಿಲ್ಲ.

ಒರೆಗಲ್ಲು:
ಅರ್ಥಕ್ಕೆ ತಲೆಬಾಗಿದೆ. ಕಿವಿಯ ವಿಷಯಕ್ಕೆ ನಾಳೆ ಬರುತ್ತೇನೆ.

ಅರಗಿಳಿ:
ನಾಳೆ ಬಂತು, ಒರೆಗಲ್ಲಿನವರು ಬರಲಿಲ್ಲ.

ಕಂದಾನುರಾಗಿ:
ಬಿಡಿ, ಬರುತ್ತಾರೆ. ಎಲ್ಲರನ್ನೂ ತಿದ್ದಿ ಈ ಸಲ ತಾವೇ ಪೂರಣ ಹಾಕಿಲ್ಲ. ಅದು ಅವರ ಪದ್ಧತಿಯಲ್ಲ.

ಒರೆಗಲ್ಲು:
ರಾತ್ರಿಯೆಲ್ಲ ಕೂತು ಬರೆದದ್ದು.

ಒಳ್ಳಿದನಾನೆಂಬೆನಗಂ
ತಳ್ಳದೆ ತಾನೀವ ಕೃಪೆಯನೇನೆಂದೆಂಬೆಂ
ಕೊಳ್ಳಲ್ ಬಾಯ್ದೆರೆದಿರ್ದಾ
ಕಳ್ಳಂಗೇ ತೆರೆದುದಲ್ತೆ ಸಗ್ಗದ ಬಾಗಿಲ್

ಮೂರನೆಯ ಸಾಲಿನಲ್ಲಿ ಮೊದಲು ‘ಕೈಯೊಡ್ಡಿರ್ದಾ’ ಎಂದಿತ್ತು. ಕೈಗಳು ಶಿಲುಬೆಯ ಮೇಲಿದ್ದವು ಎಂದು ಆಮೇಲೆ ನೆನಪಾಯಿತು. ಅವನಿಗೆ ಉಳಿದದ್ದು ಬಾಯಿ ಒಂದೇ.

ಸಂಜೆಮಲ್ಲಿಗೆ:
ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಓಲೆಗರಿ:
ಎರಡನೆಯ ಸಾಲಿನ ‘ವ’ ನೋಡಿದೆ.

ಒರೆಗಲ್ಲು:
ನೋಡುತ್ತೀರಿ ಎಂದು ಗೊತ್ತಿತ್ತು. ಹಗುರವಾಗಿಯೇ ಓದಿ.