ಅಪ್‌ಡೇಟ್: ನಥಿಂಗ್ ಫೋನ್ 2 ತಗೊಂಡೆ, ಐಫೋನ್ 15 ಬಿಟ್ಟೆ

ಐಫೋನ್ 15 ತಗೊಳ್ಳೋದಾ, ಇಲ್ಲ ನಥಿಂಗ್ ಅನ್ನೋ ಹೊಸ ಕಂಪನಿಯ ಫೋನ್ 2 ನೋಡೋದಾ ಅಂತ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ತಂಗಿ ಹತ್ರ ಐಫೋನ್ 15 ಇದೆ, ಹಾಗಾಗಿ ಎರಡನ್ನೂ ಒಂದು ವಾರ ಅದಲುಬದಲು ಮಾಡಿಕೊಂಡು ಬಳಸಿದ್ವಿ.

ನನ್ನ ಮನಸ್ಸು ತಿರುಗಿಸಿದ್ದು ಪರದೆ. ನಥಿಂಗ್‌ದು 6.7 ಇಂಚು, 120 ಹರ್ಟ್ಸ್, ಅಂದ್ರೆ ಪರದೆ ಸೆಕೆಂಡಿಗೆ 120 ಸಲದವರೆಗೆ ಚಿತ್ರ ಬದಲಾಯಿಸುತ್ತೆ. ಐಫೋನ್ 15ದು 6.1 ಇಂಚು, 60 ಹರ್ಟ್ಸ್. ಅಂಕಿ ನೋಡಿದಾಗ ಇದೇನು ಮಹಾ ಅನ್ನಿಸಿತ್ತು. ಆದರೆ 120ರಲ್ಲಿ ಎರಡು ದಿನ ಸ್ಕ್ರೋಲ್ ಮಾಡಿ 60ಕ್ಕೆ ವಾಪಸ್ ಬಂದರೆ ಕಣ್ಣಿಗೇ ಗೊತ್ತಾಗುತ್ತೆ. ನಥಿಂಗ್‌ನ 45 ವ್ಯಾಟ್ ವೇಗದ ಚಾರ್ಜಿಂಗ್ ಕೂಡ ಇಷ್ಟವಾಯ್ತು.

ನಥಿಂಗ್‌ನ ಹಿಂಬದಿಯಲ್ಲಿ ಹೊತ್ತಿಕೊಳ್ಳೋ ದೀಪಗಳು? ಮೊದಲ ದಿನ ಎಲ್ಲರಿಗೂ ತೋರಿಸಿದೆ, ಆಮೇಲೆ ಮರೆತೇ ಹೋಯ್ತು.

ಐಫೋನ್ ಗೆಲ್ಲೋದು ವಿಡಿಯೋದಲ್ಲಿ, ಅದರಲ್ಲಿ ಎರಡು ಮಾತಿಲ್ಲ. ಮುಂದಿನ (ಸೆಲ್ಫಿ) ಕ್ಯಾಮೆರಾದಲ್ಲೂ ಹೆಚ್ಚು ಸ್ಪಷ್ಟವಾದ 4ಕೆ ವಿಡಿಯೋ ಸಿಗುತ್ತೆ, ನಥಿಂಗ್‌ನ ಮುಂದಿನ ಕ್ಯಾಮೆರಾದಲ್ಲಿ ಅದಕ್ಕಿಂತ ಕಡಿಮೆಯ 1080ಪಿ ಅಷ್ಟೇ. ತೂಕವೂ 171 ಗ್ರಾಂ, ನನ್ನದು 201. ಮಲಗಿಕೊಂಡು ಓದುವಾಗ ಆ 30 ಗ್ರಾಂ ಮಣಿಕಟ್ಟಿಗೆ ತಿಳಿಯುತ್ತೆ.

ನಥಿಂಗ್ ಕೊಟ್ಟ ಮಾತು 3 ಆಂಡ್ರಾಯ್ಡ್ ಆವೃತ್ತಿ, 4 ವರ್ಷ ಸೆಕ್ಯುರಿಟಿ ಅಪ್‌ಡೇಟ್. ಐದಾರು ವರ್ಷ ಒಂದೇ ಫೋನ್ ಇಟ್ಟುಕೊಳ್ಳೋರು ಐಫೋನ್ ಕಡೆಗೇ ಹೋಗಿ. ನಾನು ಮೂರು ವರ್ಷಕ್ಕೆ ಬದಲಾಯಿಸೋನು, ನನಗೆ ಸಾಕು. ತಂಗಿ ಮಾತ್ರ ತನ್ನದನ್ನ ವಾಪಸ್ ಕಿತ್ತುಕೊಂಡಳು.