ಫಿಟ್ಸ್ ‘ಗುಣವಾಯಿತು’, ‘ನಿಂತಿತು’, ‘ನೀಗಿತು’: ಯಾವುದು ಎಲ್ಲಿ?

ಎಲ್ಲರಿಗೂ ನಮಸ್ಕಾರ.

ಒಂದು ವೈದ್ಯಕೀಯ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ದಿನದಿಂದ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಗ್ಲಾಸ್ಗೋದಲ್ಲಿ ಪ್ಯಾಟ್ರಿಕ್ ಕ್ವಾನ್ ಮತ್ತು ಮಾರ್ಟಿನ್ ಬ್ರೋಡಿ ನಡೆಸಿ, 2000ದಲ್ಲಿ ಪ್ರಕಟಿಸಿದ ಸಂಶೋಧನೆಯ ಸಾಲು ಅದು. ಅವರು ನೋಡಿದ್ದು ಎಪಿಲೆಪ್ಸಿ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಇರುವ 525 ಜನರನ್ನು. ಅವರಲ್ಲಿ 470 ಜನ ಅಲ್ಲಿಯವರೆಗೆ ಔಷಧಿಯನ್ನೇ ಮುಟ್ಟಿರಲಿಲ್ಲ. ಈ 470ರಲ್ಲಿ ನೂರಕ್ಕೆ 47 ಜನ ಮೊದಲ ಔಷಧಿಯಲ್ಲೇ ‘ಸೀಜರ್ ಫ್ರೀ’ ಆದರು (ಸೀಜರ್ ಅಂದರೆ ಒಂದೊಂದು ಸಲ ಬರುವ ಫಿಟ್ಸ್). ಎರಡನೆಯ ಔಷಧಿಯಲ್ಲಿ ಇನ್ನೂ 13. ಆಮೇಲೆ ಔಷಧಿ ಬದಲಿಸಿದರೂ ಎರಡೆರಡು ಸೇರಿಸಿ ಕೊಟ್ಟರೂ ಸಿಕ್ಕಿದ್ದು ಬರೀ 4.

ಮೊದಲ ಸಲ ನಾನು ಬರೆದದ್ದು ‘47 ಜನ ಗುಣವಾದರು’ ಅಂತ. ಓದಲು ಸಲೀಸಾಗಿದೆ. ಆದರೆ ತಪ್ಪು. ಸಂಶೋಧಕರ ಅಳತೆ ಇಷ್ಟೇ: ಕನಿಷ್ಠ ಒಂದು ವರ್ಷ ಒಂದೂ ಸೀಜರ್ ಬಂದಿರಬಾರದು. ಹಾಗೆ ಸೀಜರ್ ಬಾರದವರಲ್ಲಿ ಜಾಸ್ತಿ ಜನ ಮಾತ್ರೆ ನುಂಗುತ್ತಲೇ ಇದ್ದರು. ನಮ್ಮಲ್ಲಿ ಜ್ವರ ‘ಗುಣವಾಯಿತು’ ಅಂದರೆ ಮಾತ್ರೆಯ ಕೆಲಸ ಮುಗಿಯಿತು ಅಂತ ಅರ್ಥ, ಅಲ್ವಾ? ಇದನ್ನು ಓದಿದ ಯಾರೋ ಒಬ್ಬರು ಮಾತ್ರೆ ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ಸೀಜರ್ ಬಂದು ಜೀವಕ್ಕೇ ಅಪಾಯ. ಹಾಗಾಗಿ ಇದು ಬರೀ ಪದದ ಗಲಾಟೆಯಲ್ಲ.

ಸರಿ, ‘ಮೂರ್ಛೆಮುಕ್ತ’ ಅಂತ ಬರೆದೆ. ಗೋಡೆಬರಹದ ಹಾಗೆ ಕೇಳಿಸಿತು, ಹೊಡೆದು ಹಾಕಿದೆ. ಅದಕ್ಕಿಂತ ದೊಡ್ಡ ತೊಂದರೆ ‘ಮೂರ್ಛೆ’ಯದೇ. ಬರಹದಲ್ಲೇ ಒಂದು ಉದಾಹರಣೆ ಇದೆ. ಒಬ್ಬಳು ಹುಡುಗಿ ಬರೆಯುತ್ತಾ ಕೂತಿದ್ದಾಳೆ. ಪದದ ಮಧ್ಯದಲ್ಲಿ ಪೆನ್ನು ನಿಲ್ಲುತ್ತದೆ. ಕಣ್ಣು ತೆರೆದೇ ಇದೆ, ರೆಪ್ಪೆ ಸ್ವಲ್ಪ ಅದುರುತ್ತದೆ, ಕರೆದರೆ ಓಗೊಡುವುದಿಲ್ಲ. ಹತ್ತು ಸೆಕೆಂಡು. ಆಮೇಲೆ ಏನೂ ಆಗಿಲ್ಲವೆಂಬಂತೆ ಉಳಿದ ಅರ್ಧ ಪದ ಬರೆದು ಮುಗಿಸುತ್ತಾಳೆ. ಇದೂ ಒಂದು ಸೀಜರ್. ಇಲ್ಲಿ ‘ಮೂರ್ಛೆ ಹೋದಳು’ ಅಂತ ಬರೆದರೆ ಓದುವವರ ಮನಸ್ಸಿನಲ್ಲಿ ಹುಡುಗಿ ಕೆಳಗೆ ಬಿದ್ದಾಗಿರುತ್ತದೆ.

ಇಲ್ಲೊಂದು ಸ್ವಾರಸ್ಯ ಕಣ್ಣಿಗೆ ಬಿತ್ತು. ನಾವು ‘ಮೂರ್ಛೆ ಹೋದ’ ಅನ್ನುವುದು ಸುದ್ದಿ ಕೇಳಿಯೋ ರಕ್ತ ಕಂಡೋ ಎಚ್ಚರ ತಪ್ಪಿದವನಿಗೆ. ಕೈಕಾಲು ಅದುರಿ ಬಿದ್ದವನಿಗೆ ‘ಮೂರ್ಛೆ ಬಂತು’ ಅನ್ನುತ್ತೇವೆ. ಡಾಕ್ಟರುಗಳು ಪರೀಕ್ಷೆ ಮಾಡಿ ಬೇರೆಬೇರೆ ಅನ್ನುವ ಎರಡು ಸ್ಥಿತಿಗಳನ್ನು ನಾವು ಹೋಗು, ಬರು ಅನ್ನುವ ಎರಡೇ ಕ್ರಿಯಾಪದಗಳಿಂದ ಬೇರೆ ಮಾಡಿಬಿಟ್ಟಿದ್ದೇವೆ.

ಹಾಗಾದರೆ ಉತ್ತರವೂ ಕ್ರಿಯಾಪದದಲ್ಲೇ ಇರಬೇಕು ಅನ್ನಿಸಿತು. ಬಂದದ್ದು ನಿಲ್ಲುತ್ತದೆ. ಮಳೆ ಬಂತು, ಮಳೆ ನಿಂತಿತು. ಮಳೆ ನಿಂತರೆ ಮಳೆಗಾಲ ಮುಗಿಯಿತು ಅಂತ ಯಾರೂ ತಿಳಿಯುವುದಿಲ್ಲ. ಸೀಜರ್ ಮಳೆಯಾದರೆ ಎಪಿಲೆಪ್ಸಿ ಮಳೆಗಾಲ. ಜ್ವರದಲ್ಲಿ ಮಗುವಿಗೆ ಒಂದು ಸಲ ಫಿಟ್ಸ್ ಬಂದರೆ ಅದು ಅಕಾಲದ ಮಳೆ, ಕಾಯಿಲೆ ಅಂತ ಹೆಸರಿಡುವಂತಿಲ್ಲ. ಹಾಗಾಗಿ ಸಾಲನ್ನು ಹೀಗೆ ತಿದ್ದಿದ್ದೇನೆ: ‘ನೂರಕ್ಕೆ 47 ಜನರಿಗೆ ಮೊದಲ ಔಷಧಿಯಲ್ಲೇ ಫಿಟ್ಸ್ ಬರುವುದು ನಿಂತಿತು.’

‘ಸೆಳವು’ ಯಾಕೆ ಬೇಡ ಅಂತ ಕೇಳಬಹುದು. ಅದುರುವ ಫಿಟ್ಸ್‌ಗೆ ಚೆನ್ನಾಗಿದೆ, ಪೆನ್ನು ನಿಲ್ಲಿಸಿದ ಹುಡುಗಿಗೆ ಒಗ್ಗುವುದಿಲ್ಲ. ಇನ್ನು ‘ಅಪಸ್ಮಾರ’. ಸ್ಮರಣೆ ತಪ್ಪುವುದು ಅನ್ನುವ ಅರ್ಥದ್ದು, ನಟರಾಜನ ಕಾಲಡಿಯಲ್ಲಿ ಬಿದ್ದಿರುವವನ ಹೆಸರೂ ಅದೇ. ಎಚ್ಚರ ತಪ್ಪದೆ ಬರೀ ಒಂದು ಕೈ ಅದುರುವ ಸೀಜರ್ ಕೂಡ ಇರುವುದರಿಂದ ಆ ಅರ್ಥ ಪೂರ್ತಿ ಹೊಂದುವುದಿಲ್ಲ. ಆದರೂ ಕಾಯಿಲೆಯ ಹೆಸರಾಗಿ ಒಂದು ಸಲ ಹೇಳಿ, ಮುಂದೆ ‘ಫಿಟ್ಸ್ ಕಾಯಿಲೆ’ ಅಂತಲೇ ಬರೆದಿದ್ದೇನೆ.

ಈಗ ನನ್ನ ನಿಜವಾದ ಪ್ರಶ್ನೆ. 1909ರಲ್ಲಿ ಶುರುವಾದ ಎಪಿಲೆಪ್ಸಿ ತಜ್ಞರ ಅಂತರರಾಷ್ಟ್ರೀಯ ಸಂಘ 2014ರಲ್ಲಿ ಇನ್ನೊಂದು ಮಾತು ಸೇರಿಸಿತು. ಹತ್ತು ವರ್ಷ ಫಿಟ್ಸ್ ಬಂದಿಲ್ಲ, ಕೊನೆಯ ಐದು ವರ್ಷ ಮಾತ್ರೆಯೂ ಇಲ್ಲ ಅಂತಾದರೆ ಕಾಯಿಲೆ ‘ರಿಸಾಲ್ವ್ಡ್’ ಅನ್ನಬಹುದು. ‘ಕ್ಯೂರ್’ ಅನ್ನುವ ಪದವನ್ನು ಅವರು ಬೇಕೆಂದೇ ಬಿಟ್ಟರು. ಮತ್ತೆಂದೂ ಬರುವುದಿಲ್ಲ ಅಂತ ಭರವಸೆ ಕೊಡುವ ಹಾಗಿಲ್ಲ, ಅದಕ್ಕೆ.

ಇದಕ್ಕೆ ನಾನು ‘ನೀಗಿದೆ’ ಅಂತ ಇಟ್ಟಿದ್ದೇನೆ. ಹಸಿವು ನೀಗಿತು, ಕೊರತೆ ನೀಗಿತು ಅನ್ನುವ ನೀಗು. ಮನೆಯಲ್ಲಿ ಓದಿ ತೋರಿಸಿದಾಗ ಒಂದು ಆಕ್ಷೇಪ ಬಂತು: ‘ನೀಗಿದ ಹಸಿವು ಸಂಜೆಗೆ ಮತ್ತೆ ಬರುತ್ತಲ್ಲ!’ ನನಗೆ ಬೇಕಾದದ್ದೂ ಅದೇ. ಈಗಿಲ್ಲ, ಬರಲೇಬಾರದು ಅಂತೇನಿಲ್ಲ. ಅಳುಕಿರುವುದು ಬೇರೆ ಕಡೆ. ‘ಪ್ರಾಣ ನೀಗಿದ’ ಅನ್ನುವ ಬಳಕೆಯೂ ಇದೆಯಲ್ಲ, ಕಾಯಿಲೆಯ ಬರಹದಲ್ಲಿ ಅದು ಯಾರಿಗಾದರೂ ನೆನಪಾಗಿ ಕಿರಿಕಿರಿ ಆಗುತ್ತದಾ? ‘ಮಾಗಿದೆ’ ಅಂತಲೂ ಯೋಚಿಸಿದೆ, ಆದರೆ ಅದು ಗಾಯದ ಮಾತು. ‘ತೊಲಗಿದೆ’ಯಲ್ಲಿ ಶಾಪದ ಧ್ವನಿ ಇದೆ. ನಿಮ್ಮ ಕಡೆ ಬಹಳ ವರ್ಷದಿಂದ ಮರುಕಳಿಸದ ಕಾಯಿಲೆಗೆ ಯಾವ ಕ್ರಿಯಾಪದ ಬಳಸುತ್ತೀರಿ?