ಅಪ್‌ಡೇಟ್: ಒಂಬತ್ತು ಹೇಟೆಗಳ ನಡುವೆ ಒಂದು ಹುಂಜ

ಹೊಳಲ್ಕೆರೆಯ ನಮ್ಮ ಹಿತ್ತಿಲಿನ ಒಂಬತ್ತು ನಾಟಿ ಹೇಟೆಗಳ ಜೊತೆ ಹುಂಜವನ್ನು ಸಾಕಬೇಕೇ ಎಂದು ನಾಲ್ಕು ತಿಂಗಳ ಹಿಂದೆ ಕೇಳಿದ್ದೆ. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿ ಬೇಕಿದ್ದರೆ ಮಾತ್ರ ಬೇಕು ಎಂದು ಹಲವರು ತಿಳಿಸಿದ್ದಿರಿ. ಮರಿಗಳ ಆಸೆಯಿಂದಲೇ ನಾನು ಸಂತೆಯಿಂದ ಕೆಂಪು ಹುಂಜವೊಂದನ್ನು ತಂದೆ.

ಕೋಳಿಗಳಿಗೆ ಬೇಗ ಹರಡುವ ಕೊಕ್ಕರೆ ರೋಗದ (ರಾಣಿಖೇತ್) ಭಯವಿದ್ದುದರಿಂದ ಅದನ್ನು ಮೂರು ವಾರ ಬೇರೆಯಾಗಿಯೇ ಇರಿಸಿ, ಲಸಿಕೆ ಹಾಕಿಸಿ, ಆಮೇಲೆ ಗುಂಪಿಗೆ ಬಿಟ್ಟೆ. ಈಗ ಆಕಾಶದಲ್ಲಿ ಹದ್ದು ಕಂಡರೆ ಮೊದಲು ಕೂಗುವುದು ಅದೇ, ಕಾಳು ಕಂಡರೆ ತಾನು ತಿನ್ನದೆ ಹೇಟೆಗಳನ್ನು ಕರೆಯುವುದೂ ಅದೇ. ಇದನ್ನು ನೋಡುವುದೇ ನನಗೆ ದೊಡ್ಡ ಸಂತೋಷ.

ತೊಂದರೆಯೂ ಬಂತು. ಹುಂಜ ಎರಡು ಹೇಟೆಗಳನ್ನೇ ಪದೇ ಪದೇ ಮೆಟ್ಟಿದ್ದರಿಂದ ಅವುಗಳ ಬೆನ್ನಿನ ಪುಕ್ಕ ಉದುರಿ ಚರ್ಮ ಕೆಂಪಾಗಿತ್ತು. ಒಂದು ಹುಂಜಕ್ಕೆ ಎಂಟು ಹತ್ತು ಹೇಟೆಗಳಿದ್ದರೂ ಹೀಗಾಗಬಹುದೆಂದು ನಾನು ಎಣಿಸಿರಲಿಲ್ಲ. ಅದರ ಕಾಲಿನ ಮುಳ್ಳಿನ ಚೂಪು ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಿ, ಆ ಎರಡನ್ನೂ ಕೆಲವು ದಿನ ಬೇರೆ ಇಟ್ಟ ಮೇಲೆ ಹೊಸ ಪುಕ್ಕ ಮೂಡುತ್ತಿದೆ.

ನಸುಕಿನ ಕೂಗಿನಿಂದ ಪಕ್ಕದ ಮನೆಯ ಅಜ್ಜನವರಿಗೆ ನಿದ್ದೆ ಕೆಡುತ್ತಿತ್ತು. ರಾತ್ರಿ ಗೂಡನ್ನು ಗಾಳಿಯಾಡುವಂತೆ ಕತ್ತಲು ಮಾಡಿದ್ದರಿಂದ ಕೂಗು ತಡವಾಗಿದೆ, ನಿಂತಿಲ್ಲ.

ಕಾವಿಗೆ ಇಟ್ಟ ಹನ್ನೊಂದು ಮೊಟ್ಟೆಗಳನ್ನು ಏಳನೆಯ ದಿನ ಟಾರ್ಚಿನ ಬೆಳಕಿಗೆ ಹಿಡಿದಾಗ ಒಂಬತ್ತರಲ್ಲಿ ಮರಿ ಬೆಳೆಯುತ್ತಿರುವ ಗುರುತಾದ ರಕ್ತನಾಳಗಳು ಕಂಡವು. 21ನೆಯ ದಿನ ಎಂಟು ಮರಿಗಳು ಹೊರಬಂದವು. ಅವುಗಳಲ್ಲಿ ಹುಂಜಗಳೆಷ್ಟೆಂದು ತಿಳಿದ ಕೂಡಲೇ, ಹೆಚ್ಚಾದವನ್ನು ತಂಗಿಯ ತೋಟಕ್ಕೆ ಕಳುಹಿಸಲಿದ್ದೇನೆ.